ಆರನೆಯ ವರ್ಷದ ಹಲ್ಲು

ಮಗುವಿನ ಬಾಯಲ್ಲಿ ಮೊದಲ ಹಲ್ಲು ಮೂಡಿದಾಗ ಮನೆಮಂದಿಯೆಲ್ಲ ಹಿಗ್ಗುತ್ತಾರೆ. ಮೊದಲ ಹಾಲುಹಲ್ಲು ಬಿದ್ದಾಗ ಅದನ್ನು ಮಾಳಿಗೆಯ ಮೇಲೆ ಎಸೆಯಿಸಿ ನಗುತ್ತಾರೆ. ಅಷ್ಟೇ ಮಹತ್ವದ ಮತ್ತೊಂದು ಸಂಗತಿ ಮಾತ್ರ ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ. ಆರನೆಯ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಸಾಲಿನ ಹಿಂದೆ, ಮೇಲೆರಡು ಕೆಳಗೆರಡು ದವಡೆಹಲ್ಲುಗಳು ಹುಟ್ಟುತ್ತವೆ. ಯಾವ ಹಲ್ಲೂ ಬಿದ್ದು ಇವಕ್ಕೆ ಎಡೆಮಾಡಿಕೊಡದ ಕಾರಣ ತಾಯಿತಂದೆಗಳು ಇವನ್ನೂ ಹಾಲುಹಲ್ಲುಗಳೆಂದೇ ಭಾವಿಸುತ್ತಾರೆ. ಇವು ಶಾಶ್ವತ ಹಲ್ಲುಗಳು. ಹೋದರೆ ಮತ್ತೆ ಹುಟ್ಟಲಾರವು.

ಹಳ್ಳಿಯ ಶಾಲೆಯಲ್ಲಿ ಬಹುಕಾಲ ಪಾಠ ಹೇಳಿದವನು ನಾನು. ಮಗ್ಗಿ ಒಪ್ಪಿಸುವುದರಲ್ಲಿ ಎಲ್ಲರಿಗಿಂತ ಮುಂದಿದ್ದ ಬಾಲಕಿಯೊಬ್ಬಳು ಕೆನ್ನೆಗೆ ಕೈಯೊತ್ತಿ ಮೌನವಾಗಿ ಕೂರತೊಡಗಿದಳು. ಅನಂತರ ಶಾಲೆಗೇ ಬರದಾದಳು. ವೈದ್ಯರು ಅವಳ ದವಡೆಹಲ್ಲೊಂದನ್ನು ಕೀಳಬೇಕಾಯಿತು. ಆಗ ಅವಳಿಗೆ ಒಂಬತ್ತು ವರ್ಷ. “ಹಾಲುಹಲ್ಲಲ್ಲವೇ, ಮತ್ತೆ ಬರುತ್ತದೆ” ಎಂದು ಆಕೆಯ ತಂದೆ ನೆಮ್ಮದಿಯಿಂದ ನುಡಿದಾಗ ನನಗೆ ಉತ್ತರ ತೋಚಲಿಲ್ಲ.

ಇದು ಹೇಗಾಗುತ್ತದೆಂಬುದನ್ನು ತಿಳಿಯುವುದು ಕಷ್ಟವಲ್ಲ. ಬಾಯಲ್ಲಿ ನೆಲೆಸಿರುವ ಸೂಕ್ಷ್ಮಾಣುಗಳು ಸಕ್ಕರೆಯನ್ನುಂಡು ಆಮ್ಲವನ್ನು ವಿಸರ್ಜಿಸುತ್ತವೆ. ಆಮ್ಲತೆಯ ಅಳತೆ ಸುಮಾರು 5.5ಕ್ಕಿಂತ ಕೆಳಗಿಳಿದೊಡನೆ ಹಲ್ಲಿನ ಹೊರಕವಚದ ಖನಿಜಗಳು ಕರಗತೊಡಗುತ್ತವೆ. ಜೊಲ್ಲು ಈ ಆಮ್ಲವನ್ನು ತಗ್ಗಿಸಿ ನಷ್ಟವನ್ನು ತಕ್ಕಮಟ್ಟಿಗೆ ತುಂಬುತ್ತದೆ. ಆದರೆ ಅದಕ್ಕೆ ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಬೇಕು. ಅಷ್ಟರಲ್ಲಿ ಮಗು ಇನ್ನೊಂದು ಬಿಸ್ಕತ್ತು ತಿಂದರೆ ಜೊಲ್ಲಿನ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಆದುದರಿಂದ ಎಷ್ಟು ತಿಂದಿತು ಎಂಬುದರ ಜೊತೆಗೆ ಎಷ್ಟು ಸಲ ತಿಂದಿತು ಎಂಬುದನ್ನೂ ಎಣಿಸಬೇಕು.

ಸ್ವೀಡನ್ನಿನ ವಿಪೆಹೋಲ್ಮ್ ಎಂಬ ಸಂಸ್ಥೆಯಲ್ಲಿ, ಬುದ್ಧಿಮಾಂದ್ಯರಾದ ನಿವಾಸಿಗಳ ಮೇಲೆ ಅವರ ಸಮ್ಮತಿಯಿಲ್ಲದೆ ಒಂದು ಪ್ರಯೋಗ ನಡೆಯಿತು. ಆ ಕೃತ್ಯ ನಿಂದ್ಯವೇ ಸರಿ. ಆದರೆ 1954ರಲ್ಲಿ ಪ್ರಕಟವಾದ ಅದರ ಫಲಿತವನ್ನು ಮರೆಯಬಾರದು: ಊಟದೊಡನೆ ತಿಂದ ಸಕ್ಕರೆಯಿಂದ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ, ಊಟದ ನಡುವೆ ತಿಂದ ಜಿಗುಟು ಮಿಠಾಯಿಯಿಂದ ವಿಪರೀತ ಹೆಚ್ಚಿತು.

ಚಿಪ್ಸು, ಕುರುಕಲು ಸಿಹಿಯಲ್ಲವಲ್ಲ ಎಂದು ಕೆಲವರು ಕೇಳಬಹುದು. ಅವುಗಳ ಪಿಷ್ಟವು ದವಡೆಹಲ್ಲಿನ ಆಳವಾದ ಗೆರೆಗಳಲ್ಲಿ ಮೆತ್ತಿಕೊಂಡು, ಅಲ್ಲಿಯೇ ಜೊಲ್ಲಿನಿಂದ ಸಕ್ಕರೆಯಾಗುತ್ತದೆ. ಬೆಲ್ಲವು ನಮ್ಮದೆಂಬ ಅಭಿಮಾನ ನಮಗಿರಲಿ; ಸೂಕ್ಷ್ಮಾಣುಗಳಿಗೆ ಬೆಲ್ಲವೂ ಸಕ್ಕರೆಯೇ.

ಮಗು ಶಾಲೆಗೆ ಸೇರುವುದೂ, ಐದು ರೂಪಾಯಿಯ ಪೊಟ್ಟಣ ಅದರ ಕೈಗೆ ಬರುವುದೂ, ಈ ಹಲ್ಲು ಮೂಡುವುದೂ ಬಹುತೇಕ ಒಂದೇ ಕಾಲಕ್ಕೆ. ಆ ಮಗುವಿಗೆ ತಿಂಡಿಯೇ ಬೇಡವೆನ್ನುವುದು ಸಾಧುವಲ್ಲ, ಸಾಧ್ಯವೂ ಅಲ್ಲ. ಸಿಹಿಯನ್ನು ಊಟದೊಡನೆಯೇ ಬಡಿಸೋಣ. ನಡುವಣ ಹಸಿವಿಗೆ ಸೀಬೆ, ಸೌತೆ, ಬೇಯಿಸಿದ ಕಡಲೆಕಾಳು, ಅಗಿಯಬಲ್ಲ ವಯಸ್ಸಾದ ಮೇಲೆ ಶೇಂಗಾ ಕೊಡೋಣ. ತಿಂದ ಮೇಲೆ ನೀರಿನಿಂದ ಬಾಯಿ ಮುಕ್ಕಳಿಸುವುದನ್ನು ಕಲಿಸೋಣ. ರಾತ್ರಿ ಮಲಗುವ ಮುನ್ನ, ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟಿನಿಂದ ಹಿರಿಯರೇ ಮಕ್ಕಳ ಹಲ್ಲುಜ್ಜಲಿ. ಹೊಸ ದವಡೆಹಲ್ಲಿನ ಗೆರೆಗಳನ್ನು ಲೇಪದಿಂದ ಮುಚ್ಚುವ ಸರಳ ಚಿಕಿತ್ಸೆಯನ್ನು ದಂತವೈದ್ಯರು ಬಲ್ಲರು, ಅದಕ್ಕೆ ನೋವಿಲ್ಲ.

ಓದುಗರಲ್ಲಿ ನನ್ನ ವಿನಂತಿಯಿಷ್ಟೆ. ಆರು ತುಂಬಿದ ಮಗು ಮನೆಯಲ್ಲಿದ್ದರೆ ಈ ಸಂಜೆಯೇ ಬೆಳಕಿಗೆ ಕರೆದು ಅದರ ಬಾಯಿ ತೆರೆಸಿರಿ. ಸಾಲಿನ ಕೊನೆಯ ಹಲ್ಲಿನ ಮೇಲೆ ಕಪ್ಪು ಗೆರೆಯೋ, ಸುಣ್ಣದಂಥ ಬಿಳಿ ಮಚ್ಚೆಯೋ ಕಂಡರೆ, ನೋವು ಬರಲೆಂದು ಕಾಯದೆ ವೈದ್ಯರಲ್ಲಿಗೆ ಕರೆದೊಯ್ಯಿರಿ.