ಮರದಚ್ಚಿನ ಮರಿಯಮ್ಮ

ಗುರುಮಠದ ಗ್ರಂಥಾಲಯದಲ್ಲಿ ಕಂಡಿದ್ದ ಮರದಚ್ಚಿನ ಚಿತ್ರವೊಂದು ಈಚೆಗೆ ಮತ್ತೆ ಮತ್ತೆ ನನ್ನ ಕಣ್ಮುಂದೆ ಬರುತ್ತಿದೆ. ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ ರಚಿಸಿದ ಮಾತೆ ಮರಿಯಮ್ಮನವರ ಜೀವನಮಾಲಿಕೆಯಲ್ಲಿ ಅವರ ಜನನದ ದೃಶ್ಯವದು. ಮೇಲೆ ಧೂಪ ಹಿಡಿದ ದೇವದೂತನಿದ್ದರೂ ಕೆಳಗೆಲ್ಲ ಹೆಂಗಸರದೇ ಲೋಕ. ಒಬ್ಬಳು ಹೂಜಿಯೆತ್ತಿ ಕುಡಿಯುತ್ತಿದ್ದಾಳೆ; ದಣಿದ ಸೂಲಗಿತ್ತಿ ಮಂಚಕ್ಕೆ ತಲೆಯಾನಿಸಿ ನಿದ್ದೆಹೋಗಿದ್ದಾಳೆ. ಯಾರ ಕಣ್ಣಿಗೂ ಚೆಂದ ಕಾಣುವ ಹಂಗಿಲ್ಲದ ಸ್ತ್ರೀಯರು ಅವರು.

ಮರದಚ್ಚಿನಲ್ಲಿ ಗೆರೆಯನ್ನು ಉಳಿಸಿ ಸುತ್ತಲಿನ ಮರವನ್ನು ಕೆತ್ತಿ ತೆಗೆಯುತ್ತಾರೆ. ಉಳಿದ ಗೆರೆಗೆ ಮಸಿ, ತೆಗೆದ ಕಡೆ ಬೆಳಕು. ಉಳಿ ಜಾರಿದರೆ ಹೋದ ಮರ ಮರಳದು. ಹಲಗೆ ಸಿದ್ಧವಾದರೆ ಮಾತ್ರ ಪ್ರತಿಗಳು ನೂರಾರು. ಇಟಲಿಯ ಮಾರ್ಕಾಂತೋನಿಯೊ ರೈಮೊಂದಿ ಈ ಚಿತ್ರಗಳನ್ನು ತಾಮ್ರದ ಫಲಕದಲ್ಲಿ ನಕಲಿಸಿದ. ಡ್ಯೂರರನ ಅಂಕಿತಾಕ್ಷರಗಳನ್ನೂ ಬಿಡಲಿಲ್ಲ. 1511ರಲ್ಲಿ ಮಾಲಿಕೆಯನ್ನು ಪುಸ್ತಕವಾಗಿ ಹೊರತಂದಾಗ ಡ್ಯೂರರ್ ನಕಲುಗಾರರಿಗೆ ಚಕ್ರವರ್ತಿ ಮ್ಯಾಕ್ಸಿಮಿಲಿಯನ್ನನ ಹೆಸರಿನಲ್ಲಿ ಎಚ್ಚರಿಕೆ ಅಚ್ಚು ಹಾಕಿಸಿದ. ವಾಟ್ಸಾಪಿನ 'ಫಾರ್ವರ್ಡ್' ಈ ಕಾಲದ ರೋಗವೆಂದು ನಾವು ಭಾವಿಸಿದ್ದೇವಲ್ಲ!

ಡ್ಯೂರರನ ಬೆನ್ನಿಗೆ ಚಕ್ರವರ್ತಿಯಿದ್ದ. ಸಿಂಧನೂರಿನಲ್ಲಿ ನಾನು ಬಲ್ಲ ಒಬ್ಬ ಹುಡುಗಿಗೆ ಯಾರಿದ್ದರು? ಕ್ರಿಸ್ತಜಯಂತಿಯ ನಾಟಕದಲ್ಲಿ ಮರಿಯಮ್ಮನ ಪಾತ್ರ ವಹಿಸಿದ್ದ ಆಕೆಯ ಮುಖವನ್ನು ಯಾರೋ ಇನ್ನೊಂದು ಮೈಗೆ ಅಂಟಿಸಿ, ಹೆಸರು ಸಹಿತ ಮೊಬೈಲುಗಳಲ್ಲಿ ಹರಿಯಬಿಟ್ಟರು. ತಂದೆ ನನ್ನ ಬಳಿ ಬಂದರು. "ಮೊದಲು ಮಗಳ ಮೊಬೈಲ್ ತೆಗೆದಿಡಿ" ಎಂದೆ. ಹೌದು, ನಾನೇ ಹಾಗೆಂದೆ. ಆಕೆ ಗಾನವೃಂದವನ್ನೂ ಬಿಟ್ಟು ಲಿಂಗಸುಗೂರಿನ ಅಜ್ಜಿಯ ಮನೆ ಸೇರಿದಳು.

ತಪಸ್ಸುಕಾಲದ ಒಂದು ದಿನ ಆ ಚಿತ್ರದ ಪ್ರತಿಯೊಂದನ್ನು ಹಿಡಿದು ಅಲ್ಲಿಗೆ ಹೊರಟೆ. ಬಸ್ಸು ಮಸ್ಕಿಯಲ್ಲಿ ನಿಂತಾಗ ಅಲ್ಲಿನ ಬಂಡೆಯ ಶಾಸನ ನೆನಪಾಯಿತು. ಅದುವರೆಗೆ ದೊರೆತಿದ್ದ ಅಶೋಕನ ಶಾಸನಗಳಲ್ಲಿ ಬಿರುದುಗಳಷ್ಟೇ ಇದ್ದವು. 1915ರಲ್ಲಿ ಬೆಳಕಿಗೆ ಬಂದ ಮಸ್ಕಿಯ ಬಂಡೆ ದೊರೆಯ ಹೆಸರನ್ನೇ ನುಡಿಯಿತು. ಆ ಹುಡುಗಿಯ ಹೆಸರು ಊರೆಲ್ಲ ಕೆಸರಾದಾಗ ನಾನು ಬಲಿಪೀಠದಲ್ಲಿ ನಿಂತೂ ಮೌನವಾಗಿದ್ದೆ.

ಕ್ಷಮೆ ಕೇಳಿದೆ. "ಫಾದರ್, ಅದನ್ನು ಮಾಡಿದವನ ಫೋನನ್ನು ಯಾರೂ ಯಾಕೆ ಕೇಳಲಿಲ್ಲ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಚಿತ್ರವನ್ನು ಬಹಳ ಹೊತ್ತು ನೋಡಿ, ನಿದ್ದೆಹೋದ ಸೂಲಗಿತ್ತಿಯ ಮೇಲೆ ಬೆರಳಿಟ್ಟು ಮೆಲ್ಲಗೆ ನಕ್ಕಳು.

ಮುಂದಿನ ವಾರ ತಂದೆಯೊಡನೆ ಪೊಲೀಸರಿಗೆ ದೂರು ಬರೆಯಲು ಕುಳಿತೆವು. ಹೆಸರನ್ನು ಗುಟ್ಟಾಗಿ ಇಡಲಾಗದೇ ಎಂದು ತಂದೆ ಅಳುಕಿದರು. ಆಕೆ ಲೇಖನಿಯನ್ನು ತೆಗೆದುಕೊಂಡು, ಕೆಳಗೆ ತನ್ನ ಹೆಸರನ್ನು ಪೂರ್ತಿಯಾಗಿ ಬರೆದಳು.