ಸಂಜೆಯ ಕಾರ್ಯಕ್ರಮ

ನಮ್ಮ ಕಡೆ ತರಬೇತಿ ಎಂಬ ಶಬ್ದಕ್ಕೆ ಬಹಳ ವರ್ಷ ಒಂದೇ ಅರ್ಥವಿತ್ತು. ಶಾಲೆಯ ಮಾಸ್ತರರು, ಬಾಯಾರು ಹೆಗಲಿಗೆ ಚೀಲ ಹಾಕಿಕೊಂಡು ತಾಲೂಕಿಗೋ ಇಳಕಲ್ಲಿನ ಡಯಟ್‌ಗೋ ಹೋಗುವುದು, ಐದು ದಿನ ಕೂತು ದೊಡ್ಡ ಹಾಳೆಯ ಮೇಲೆ ಬಣ್ಣದ ಪೆನ್ನಿನಿಂದ ಬರೆದು ಗೋಡೆಗೆ ಅಂಟಿಸುವುದು, ಮಧ್ಯಾಹ್ನ ಅನ್ನ ಸಾರು ಉಂಡು ತೂಕಡಿಸುವುದು, ಕಡೆಯ ದಿನ ಟಿ.ಎ. ಡಿ.ಎ. ಫಾರ್ಮಿಗೆ ಸಹಿ ಮಾಡಿ ಊರಿಗೆ ಮರಳುವುದು. ಈಗ ಆ ಶಬ್ದ ಬ್ಯಾಂಕಿಗೆ ಹೋಯಿತು, ಔಷಧಿ ಅಂಗಡಿಗೆ ಹೋಯಿತು, ಸೀರೆ ಅಂಗಡಿಗೂ ಹೋಯಿತು. ಕೊನೆಗೆ ನಮ್ಮ ಮನೆತನದೊಳಕ್ಕೂ ಬಂತು. ಬಂದದ್ದು ಮಾತ್ರ ಕಾರಿನ ಶೋರೂಮಿನಿಂದ.

ನನ್ನ ಅಣ್ಣನ ಮಗಳನ್ನು ಬನಹಟ್ಟಿಗೆ ಕೊಟ್ಟಿದ್ದೇವೆ. ಬಿ.ಕಾಂ. ಓದಿದ ಹುಡುಗಿ. ಜಮಖಂಡಿಯ ಒಂದು ಕಾರಿನ ಶೋರೂಮಿನಲ್ಲಿ ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದವಳು, ಏಳು ವರ್ಷಗಳಲ್ಲಿ ಮಾರಾಟದ ಮೇಜಿಗೆ ಬಂದು, ಈ ಸಲ ಮ್ಯಾನೇಜರ್ ಆಗಿದ್ದಾಳೆ. ಆದ ಹದಿನೈದು ದಿನಕ್ಕೇ ಕಂಪನಿಯಿಂದ ಒಂದು ಕಾರ್ಯಕ್ರಮ ಪಟ್ಟಿ ಬಂತು. ಹುಬ್ಬಳ್ಳಿಯಲ್ಲಿ ಮ್ಯಾನೇಜರುಗಳಿಗೆ ಮೂರು ದಿನದ ತರಬೇತಿ. ಎರಡನೆಯ ದಿನ ಸಂಜೆ ಸ್ನೇಹಕೂಟ ಮತ್ತು ಊಟ. ಮುಂದಿನ ತಿಂಗಳು ಕುಟುಂಬ ಸಹಿತ ಒಂದು ದಿನದ ಪ್ರವಾಸ. ಅದಾದ ಮೇಲೆ ಬೆಂಗಳೂರಿನಲ್ಲಿ ವಾರ್ಷಿಕ ಸಮಾವೇಶ. ಪಟ್ಟಿಯನ್ನು ಮೊಬೈಲಿನಲ್ಲಿ ನನಗೆ ತೋರಿಸಿ, "ಅತ್ತೀ, ನೀವ ಒಂದ ಮಾತ ಹೇಳ್ರಿ ನಮ್ಮ ಅತ್ತ್ಯಾರಿಗೆ" ಅಂದಳು. ಹುಟ್ಟಿದ ಮನೆಯ ಅತ್ತೆ ನಾನು, ಮೆಟ್ಟಿದ ಮನೆಯ ಅತ್ತೆ ನಮ್ಮ ಬೀಗತಿ. ಇಬ್ಬರು ಅತ್ತೆಯರ ನಡುವೆ ಮಾತು ಸಾಗಿಸುವುದು ಕಾರು ಮಾರುವುದಕ್ಕಿಂತ ಕಷ್ಟದ ಕೆಲಸ ಎಂಬುದು ಆಕೆಗೂ ಗೊತ್ತಿತ್ತು.

ಭಾನುವಾರ ಬನಹಟ್ಟಿಗೆ ಹೋದೆ. ಬೀಗತಿ ಪಾವರ್‌ಲೂಮಿನ ಸದ್ದಿನ ನಡುವೆಯೇ ಚಹಾ ಕೊಟ್ಟರು. "ಕಾರ್ ಮಾರಾಕ ಕಲಿಯೂದ ಏನ ಐತ್ರಿ ಬಾಯಾರ? ತುಗೊಳ್ಳಾವ ತುಗೋತಾನ, ಬಿಡಾವ ಬಿಡ್ತಾನ. ಅದಕ್ಕ ಮೂರ ದಿನ ಹುಬ್ಬಳ್ಳಿ ಯಾಕ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ನನಗೂ ಅದೇ ಕುತೂಹಲವಿತ್ತು. ಹುಡುಗಿಯನ್ನೇ ಕೂರಿಸಿ ಹೇಳಿಸಿದೆವು.

ಶೋರೂಮಿನಲ್ಲಿ ಹೊಳೆಯುತ್ತ ನಿಂತ ಕಾರುಗಳು ಕಂಪನಿಯವು ಎಂದು ನಾವು ತಿಳಿದಿರುತ್ತೇವೆ. ಹಾಗಲ್ಲವಂತೆ. ಡೀಲರ್ ಆದವನು ಬ್ಯಾಂಕಿನ ಸಾಲ ತೆಗೆದು ಅವನ್ನು ಕಂಪನಿಯಿಂದ ಮೊದಲೇ ಕೊಂಡಿರುತ್ತಾನೆ. ಎಂಟು ಲಕ್ಷದ ಒಂದು ಕಾರಿಗೆ ನೂರಕ್ಕೆ ಹತ್ತರ ಬಡ್ಡಿ ಹಿಡಿದರೆ ವರ್ಷಕ್ಕೆ 80,000 ರೂಪಾಯಿ, ಅಂದರೆ ದಿನಕ್ಕೆ 219. ಅಂಥ ಇಪ್ಪತ್ತು ಕಾರು ಮಾರಾಟವಾಗದೆ ಅಂಗಳದಲ್ಲಿ ನಿಂತರೆ ಬೆಳಗಾದರೆ ಸುಮಾರು 4,400 ರೂಪಾಯಿ ಬಡ್ಡಿಗೇ ಹೋಯಿತು. ಯಾವ ಬಣ್ಣದ, ಯಾವ ಮಾದರಿಯ ಎಷ್ಟು ಕಾರು ತರಿಸಬೇಕು, ಯಾವ ತಿಂಗಳು ತರಿಸಬೇಕು ಎಂಬ ಲೆಕ್ಕ ತಪ್ಪಿದರೆ ಕಾರು ಮಾರಿಯೂ ನಷ್ಟ. ಹೊಸ ಕಾರಿನ ಲಾಭ ತೆಳ್ಳಗಿನದು. ಅಂಗಡಿಯ ಒಲೆ ಉರಿಯುವುದು ಹೆಚ್ಚಾಗಿ ವರ್ಕ್‌ಶಾಪಿನ ರಿಪೇರಿ, ಬಿಡಿ ಭಾಗ, ವಿಮೆ, ಹಳೆ ಕಾರಿನ ವಿನಿಮಯ ಇವುಗಳಿಂದ. ಇವೆಲ್ಲದರ ಲೆಕ್ಕವನ್ನು ಒಂದೇ ಹಾಳೆಯಲ್ಲಿ ಓದಲು ಕಲಿಸುವುದೇ ಆ ತರಬೇತಿ.

ಬೀಗತಿ ಚಹಾದ ಬಟ್ಟಲು ಕೆಳಗಿಟ್ಟರು. ಮದುವೆಯಾಗಿ ಬಂದ ಹೊಸದರಲ್ಲಿ ಕಂಡಿಕೆ ಸುತ್ತಿದ ಕೈ ಅವರದು. ನೂಲು ಸಾಲದ್ದು, ಬಡ್ಡಿ ದಿನದ್ದು, ಸೀರೆ ಮಾತ್ರ ಕಪಾಟಿನಲ್ಲಿ ಕೂತದ್ದು ಎಂಬ ಸಂಕಟವನ್ನು ನಾಲ್ವತ್ತು ವರ್ಷ ಕಂಡವರು. "ಅಂದ್ರ ನಮ್ಮ ಸೀರಿ ಗಂಟಿನ ಕತೀನ ಇದು" ಅಂದರು. ಅಲ್ಲಿಗೆ ಮೂರು ದಿನದ ತರಬೇತಿಗೆ ಒಪ್ಪಿಗೆ ಸಿಕ್ಕಿತು.

ಹುಡುಗಿ ಇನ್ನೊಂದು ಮಾತು ಹೇಳಿದಳು. ನಮ್ಮ ಸೀಮೆಯ ಕಾರಿನ ವ್ಯಾಪಾರ ಕಂಪನಿಯ ಕ್ಯಾಲೆಂಡರಿನಂತೆ ನಡೆಯುವುದಿಲ್ಲ, ಕಬ್ಬಿನ ಬಿಲ್ಲಿನಂತೆ ನಡೆಯುತ್ತದೆ. ಕಬ್ಬು ಕಳಿಸಿದ ಹದಿನಾಲ್ಕು ದಿನದೊಳಗೆ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವಿದೆ. ಆದರೆ ಹಣ ಕೈಗೆ ಬಂದ ದಿನವೇ ಮುಧೋಳ, ಮಹಾಲಿಂಗಪುರದ ರೈತನಿಗೆ ದೀಪಾವಳಿ. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಬೇಕೆಂದು ರೈತರು ರಸ್ತೆಗೆ ಇಳಿದಿದ್ದರಲ್ಲ, ಆ ದಿನಗಳಲ್ಲಿ ಶೋರೂಮಿಗೆ ನೊಣವೂ ಬರಲಿಲ್ಲವಂತೆ. ಅದೇ ವರ್ಷ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿ.ಎಸ್‌.ಟಿ. 28ರಿಂದ 18ಕ್ಕೆ ಇಳಿದಾಗ ಮಾತ್ರ ಫೋನು ಕೆಳಗಿಡಲು ಪುರುಸೊತ್ತಿರಲಿಲ್ಲವಂತೆ. ಬಿಳಗಿ ಕಡೆಯಿಂದ ಬರುವವರದು ಬೇರೆಯೇ ಲೆಕ್ಕ. ಕೃಷ್ಣೆಯ ಹಿನ್ನೀರಿಗೆ ಹೊಲ ಕೊಟ್ಟ ಮನೆಯವರು ಮಗನಿಗೊಂದು ದುಡಿಮೆಯಾಗಲೆಂದು ಬಾಡಿಗೆ ಓಡಿಸುವ ಗಾಡಿ ಕೇಳುತ್ತಾರೆ. ಹೊಲ ಹೋದವರಿಗೆ ಕಾರು ಮಾರುವಾಗ ನಾಲಿಗೆ ಹಿಡಿದು ಮಾತಾಡಬೇಕು, ತೀರಿಸಲಾಗದ ಕಂತು ಕಟ್ಟಿಸಬಾರದು ಎಂದಳು. ಇದನ್ನು ಯಾವ ತರಬೇತಿಯೂ ಕಲಿಸಿರಲಿಕ್ಕಿಲ್ಲ. ಕೇಳಿ ನನಗೆ ಹೆಮ್ಮೆಯೆನಿಸಿತು.

ಈಗ ಉಳಿದದ್ದು ಸಂಜೆಯ ಕಾರ್ಯಕ್ರಮ.

"ಹಗಲ ಕಲೀಲಿ. ಸಂಜೀದ ಮಾತ್ರ ಬ್ಯಾಡ. ಗಂಡಸರು ಕುಡ್ಯಾವ್ರು ಇರ್ತಾರ, ಹಾಡು, ಕುಣಿತ ಇರ್ತದ. ಊಟ ಖೋಲಿಗೆ ತರಿಸ್ಕೊಂಡ ಉಣ್ಣಲಿ" ಎಂದರು ಬೀಗತಿ. ಅವರ ಮಗ ಸುಮ್ಮನೆ ಚಾವಣಿ ನೋಡುತ್ತಿದ್ದ. ಗಂಡಸರು ಮನೆಯಲ್ಲಿ ಇಂಥ ಹೊತ್ತಿಗೆ ಚಾವಣಿ ನೋಡುವ ಕಲೆಯನ್ನು ಯಾವ ತರಬೇತಿಯಲ್ಲಿ ಕಲಿಯುತ್ತಾರೋ!

ಇಲ್ಲಿ ನಾನು ನನ್ನದೊಂದು ಮಾತು ಹೇಳಲೇಬೇಕಾಯಿತು. ನಮ್ಮ ತರಬೇತಿಗಳಲ್ಲಿ ಸಂಜೆ ಐದಾಯಿತೆಂದರೆ ಹೆಣ್ಣುಮಕ್ಕಳೆಲ್ಲ ಬಸ್‌ಸ್ಟ್ಯಾಂಡಿನ ಕಡೆ ಓಡುತ್ತಿದ್ದೆವು. ರೊಟ್ಟಿ ಬಡಿಯಬೇಕು, ಮಕ್ಕಳ ಅಭ್ಯಾಸ ನೋಡಬೇಕು, ಅತ್ತೆಯವರ ಗುಳಿಗೆಯ ಹೊತ್ತು ಮೀರಬಾರದು. ಮಾಸ್ತರರು ಸಾವಕಾಶ ಹೊರಬಿದ್ದು ಎದುರಿನ ಹೋಟೆಲಿನಲ್ಲಿ ಅಧಿಕಾರಿಗಳ ಜೊತೆ ಚಹಾ ಕುಡಿಯುತ್ತಿದ್ದರು. ಮುಂದಿನ ತರಬೇತಿಗೆ ಸಂಪನ್ಮೂಲ ವ್ಯಕ್ತಿಗಳು ಯಾರು, ಪ್ರಶ್ನೆಪತ್ರಿಕೆ ಮಾಡುವವರು ಯಾರು, ಜಿಲ್ಲಾ ಸಮಿತಿಗೆ ಯಾರ ಹೆಸರು ಎಂಬ ಪಟ್ಟಿ ಆ ಚಹಾದ ಬಟ್ಟಲಿನ ಪಕ್ಕದಲ್ಲೇ ತಯಾರಾಗುತ್ತಿತ್ತು. ಮರುದಿನ ಪಟ್ಟಿ ನೋಡಿದರೆ ಹನ್ನೆರಡು ಹೆಸರಿನಲ್ಲಿ ಒಂದೂ ನಮ್ಮದಿರುತ್ತಿರಲಿಲ್ಲ. ಯಾರೂ ನಮ್ಮನ್ನು ಬೇಡವೆಂದಿರಲಿಲ್ಲ, ಅದು ನಿಜ. ಆ ಹೊತ್ತಿಗೆ ನಾವು ಅಲ್ಲಿರಲಿಲ್ಲ, ಅಷ್ಟೇ. ಮೂವತ್ತು ವರ್ಷದ ನೌಕರಿಯಲ್ಲಿ ನನಗೆ ತಿಳಿದ ಸಂಗತಿ ಇದು: ಹಗಲಿನ ಕಾರ್ಯಕ್ರಮದಲ್ಲಿ ಪಾಠ ನಡೆಯುತ್ತದೆ, ಸಂಜೆಯ ಕಾರ್ಯಕ್ರಮದಲ್ಲಿ ಕೆಲಸ ನಡೆಯುತ್ತದೆ.

ಕಾರಿನವರಲ್ಲಿಯೂ ಹಾಗೇ ಅಂತೆ. ಯಾವ ಮಾದರಿ ಮುಂದೆ ಬರುತ್ತದೆ, ಯಾವ ಊರಿಗೆ ಹೆಚ್ಚು ಗಾಡಿ ಹಂಚುತ್ತಾರೆ, ಯಾವ ಬ್ಯಾಂಕು ಬೇಗ ಸಾಲ ಕೊಡುತ್ತದೆ ಎಂಬುದೆಲ್ಲ ಊಟದ ಮೇಜಿನಲ್ಲಿ ತಿಳಿಯುತ್ತದೆ. ಅಮೆರಿಕದಲ್ಲಂತೂ ಇದನ್ನೇ ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಒಬ್ಬರಿಗೊಬ್ಬರು ಪೈಪೋಟಿಯಿಲ್ಲದ ಬೇರೆ ಬೇರೆ ಊರಿನ ಇಪ್ಪತ್ತು ಡೀಲರುಗಳು ಒಂದು ಗುಂಪಾಗಿ, ತಮ್ಮ ಲೆಕ್ಕದ ಪುಸ್ತಕಗಳನ್ನು ಎದುರಿಗಿಟ್ಟು, ನಿನ್ನ ಅಂಗಡಿಯಲ್ಲಿ ಏನು ಸೋರುತ್ತಿದೆ, ನನ್ನಲ್ಲಿ ಏನು ಎಂದು ಕೇಳಿ ಕಲಿಯುತ್ತಾರೆ. ಅಲ್ಲಿನ ಡೀಲರುಗಳ ಸಂಘ 1917ರಲ್ಲಿ ಹುಟ್ಟಿದ್ದೇ ಕಾರು ಐಷಾರಾಮದ ವಸ್ತುವಲ್ಲ, ಹೆಚ್ಚಿನ ತೆರಿಗೆ ಬೇಡ ಎಂದು ಸರಕಾರಕ್ಕೆ ಹೇಳಲು. ನಮ್ಮ ದೇಶದ ಡೀಲರ್ ಸಂಘಗಳ ಒಕ್ಕೂಟ ಫಾಡಾ 1964ರದು. ಅಂದರೆ 1983ರ ಡಿಸೆಂಬರಿನಲ್ಲಿ ಮೊದಲ ಮಾರುತಿ ಕಾರು ಮಾಲೀಕನ ಕೈ ಸೇರುವುದಕ್ಕಿಂತ ಎಷ್ಟೋ ಮೊದಲಿನದು. ಆಗ ಅಂಬಾಸಿಡರು, ಫಿಯಾಟುಗಳಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಗಿರಾಕಿಯೇ ಕಾಯುವಾಗ ಮಾರುವವನಿಗೆ ತರಬೇತಿ ಯಾಕೆ ಬೇಕಿತ್ತು ಹೇಳಿ!

ಈಗ ಕಾಲ ಹಾಗಿಲ್ಲ. ಷೆವರ್ಲೆ ಕಾರಿನ ಕಂಪನಿ 2017ರಲ್ಲಿ ನಮ್ಮ ದೇಶದಲ್ಲಿ ಮಾರಾಟ ನಿಲ್ಲಿಸಿತು. 2021ರ ಸೆಪ್ಟೆಂಬರಿನಲ್ಲಿ ಫೋರ್ಡ್ ಕಂಪನಿಯು ಇಲ್ಲಿ ಕಾರು ತಯಾರಿಸುವುದನ್ನು ಬಿಡುತ್ತೇನೆಂದಿತು. ದೊಡ್ಡ ಗಾಜಿನ ಶೋರೂಮು ಕಟ್ಟಿಸಿದ ಡೀಲರುಗಳು, ಅಲ್ಲಿ ದುಡಿಯುತ್ತಿದ್ದವರು ದಾರಿ ನೋಡುವಂತಾಯಿತು. ಅದಕ್ಕೇ ಹುಡುಗಿ ಹೇಳಿದ ಮಾತು ನನಗೆ ಸರಿಕಂಡಿತು: "ಅತ್ತೀ, ಕಂಪನಿ ಹೋದ್ರ ಹೋಗ್ತದ. ಕಲ್ತದ್ದು, ನಾಕ ಮಂದಿ ಗುರ್ತು, ಇವೆರಡ ನನ್ನ ಕೂಡ ಬರ್ತಾವ."

ಆದರೂ ಬೀಗತಿಯ ಭಯ ಸುಳ್ಳಲ್ಲ. ಹೆಣ್ಣುಮಕ್ಕಳಿಗೆ ಧೈರ್ಯ ಹೇಳುವವರು ಭಯವನ್ನು ತಳ್ಳಿಹಾಕಿ ಮಾತಾಡಬಾರದು. ಭಯಕ್ಕೊಂದು ಏರ್ಪಾಡು ಹುಡುಕಬೇಕು. ಓದುವ ನಿಮಗೂ ನಿಮ್ಮ ಮಗಳಿಗೋ ಸೊಸೆಗೋ ಉಪಯೋಗವಾದೀತೆಂದು ಇದನ್ನು ಬಿಡಿಸಿ ಬರೆಯುತ್ತೇನೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಲೈಂಗಿಕ ಕಿರುಕುಳ ತಡೆಯುವ ಕಾಯಿದೆ 2013ರಲ್ಲಿ ಬಂದಿದೆ. ಅದರ ಪ್ರಕಾರ ಕೆಲಸದ ಸ್ಥಳ ಎಂದರೆ ಕಚೇರಿಯ ನಾಲ್ಕು ಗೋಡೆ ಮಾತ್ರವಲ್ಲ. ಕೆಲಸದ ನಿಮಿತ್ತ ಹೋದ ಎಲ್ಲ ಜಾಗವೂ, ಮಾಲೀಕರು ಕೊಟ್ಟ ವಾಹನವೂ ಅದರಲ್ಲಿ ಸೇರುತ್ತದೆ. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಒಂದು ಆಂತರಿಕ ಸಮಿತಿ ಇರಲೇಬೇಕು. ಅದಕ್ಕೆ ಹಿರಿಯ ಮಹಿಳೆಯೊಬ್ಬರು ಅಧ್ಯಕ್ಷೆ, ಸದಸ್ಯರಲ್ಲಿ ಕಡಿಮೆಯೆಂದರೆ ಅರ್ಧ ಮಹಿಳೆಯರು, ಹೊರಗಿನವರು ಒಬ್ಬರು. ಹತ್ತಕ್ಕಿಂತ ಕಡಿಮೆ ಜನರಿದ್ದಲ್ಲಿ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ವಿಚಾರಣೆ ತೊಂಬತ್ತು ದಿನದಲ್ಲಿ ಮುಗಿಯಬೇಕು.

ಇದನ್ನೆಲ್ಲ ಬೀಗತಿಯೆದುರು ಹೇಳಿ, ಹುಡುಗಿಯ ಕೈಯಲ್ಲಿ ಒಂದು ಹಾಳೆ ಕೊಟ್ಟು ಪ್ರಶ್ನೆ ಬರೆಸಿದೆ. ಶಾಲೆಯ ಚಾಳಿ, ಬಿಡುವುದಿಲ್ಲ. ಹೆಣ್ಣುಮಕ್ಕಳು ಎಷ್ಟು ಜನ ಬರುತ್ತಾರೆ? ವಸತಿ ಯಾರ ಜೊತೆ, ಊಟದ ಜಾಗ ಅದೇ ಕಟ್ಟಡದಲ್ಲೋ ಹೊರಗೋ? ಹೊರಗಾದರೆ ಮರಳುವ ವಾಹನ ಎಷ್ಟು ಗಂಟೆಗೆ? ಸಮಿತಿಯ ಅಧ್ಯಕ್ಷೆ ಯಾರು, ಅವರ ಫೋನ್ ನಂಬರ್ ಏನು? ಆಕೆ ಅದನ್ನು ಶೋರೂಮಿನ ಮಾಲೀಕರ ಮೂಲಕ ಮೇಲಿನವರಿಗೆ ಕಳಿಸಿದಳು. ಕೇಳಿದರೆ ಏನೆಂದುಕೊಂಡಾರೋ ಎಂಬ ಅಳುಕು ಆಕೆಗಿತ್ತು. ಮೂರನೆಯ ದಿನ ಉತ್ತರ ಬಂತು. ಬರುವ ಮೂವತ್ತು ಜನರಲ್ಲಿ ಹೆಣ್ಣುಮಕ್ಕಳು ನಾಲ್ವರು. ಇಬ್ಬಿಬ್ಬರಿಗೆ ಒಂದು ಕೋಣೆ. ಊಟ ಅದೇ ಹೋಟೆಲಿನಲ್ಲಿ. ಅಧ್ಯಕ್ಷೆಯ ಹೆಸರು, ನಂಬರು ಎರಡೂ ಇದ್ದವು. ಈ ಪ್ರಶ್ನೆಗಳನ್ನು ಇದುವರೆಗೆ ಯಾರೂ ಕೇಳಿರಲಿಲ್ಲ, ಇನ್ನು ಮುಂದೆ ಉತ್ತರಗಳನ್ನು ಕಾರ್ಯಕ್ರಮ ಪಟ್ಟಿಯಲ್ಲೇ ಸೇರಿಸುತ್ತೇವೆ ಎಂದೂ ಬರೆದಿದ್ದರು. ಉಳಿದ ಮೂವರ ಮನೆಯಲ್ಲಿಯೂ ಇಂಥ ಭಾನುವಾರ ನಡೆದಿತ್ತೋ ಏನೋ. ಅವರಿಗೂ ಆ ಉತ್ತರ ಮುಟ್ಟಿತು.

ಬೀಗತಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ಎರಡು ದಿನ ಬಿಟ್ಟು ಫೋನು ಮಾಡಿದರು. "ಬಾಯಾರ, ಸಂಜೀ ಊಟಕ್ಕ ಕೂಡ್ರಲಿ. ಆದ್ರ ಹತ್ತಕ್ಕ ಖೋಲಿಗೆ ಬಂದು ನನಗ ಫೋನ್ ಮಾಡಬೇಕು" ಅಂದರು. ಹಿಂದೆಯೇ ದನಿ ತಗ್ಗಿಸಿ, "ಆ ಬಡ್ಡಿ ಪಾಠ ಮಾಡ್ತಾರಲ್ಲ, ಅದನ್ನ ಚಂದಂಗ ಬರ್ಕೊಂಡ ಬಾ ಅಂತ ಹೇಳ್ರಿ. ನಮ್ಮ ಸೀರಿ ಕಪಾಟಿಗೂ ಲೆಕ್ಕ ಹಾಕೋಣು" ಅಂದರು.

ಶೋರೂಮಿನಲ್ಲಿ ಈ ಹುಡುಗಿಯದೊಂದು ರೂಢಿಯಿದೆ. ರೈತ ಕುಟುಂಬದವರು ಕಾರು ನೋಡಲು ಬಂದರೆ ಗಂಡಸರು ಬಾನೆಟ್ ಎತ್ತಿಸಿ ಮಾತಾಡುತ್ತಾರೆ, ಹೆಂಗಸರು ಬಾಗಿಲ ಹತ್ತಿರದ ಸೋಫಾದ ತುದಿಯಲ್ಲಿ ಸೆರಗು ಹಿಡಿದು ಕೂಡುತ್ತಾರೆ. ಆಕೆ ಹೋಗಿ, "ಬರ್ರೀ ಅಕ್ಕಾರ, ನೀವೂ ಒಮ್ಮೆ ಕೂತ ನೋಡ್ರಿ" ಎಂದು ಕರೆದು ಚಾಲಕರ ಸೀಟಿನಲ್ಲೇ ಕೂರಿಸುತ್ತಾಳೆ. ಅವರು ನಾಚುತ್ತಾರೆ, ನಗುತ್ತಾರೆ, ಸ್ಟೇರಿಂಗ್ ಮುಟ್ಟಿ ಕೈ ತೆಗೆಯುತ್ತಾರೆ, ಮತ್ತೆ ಮುಟ್ಟುತ್ತಾರೆ. ಬಣ್ಣ ಯಾವುದಿರಲಿ ಎಂದು ಆಮೇಲೆ ಅವರೇ ಹೇಳುತ್ತಾರೆ. ಹೀಗೆ ಕೂರಿಸುವವಳಿಗೂ ಊಟದ ಮೇಜಿನಲ್ಲಿ ಒಂದು ಕುರ್ಚಿ ಬೇಡವೇ?

ಬರುವ ಗುರುವಾರ ಬೆಳಗಿನ ಬಸ್ಸಿಗೆ ಆಕೆ ಮುಧೋಳ, ಲೋಕಾಪುರ ದಾಟಿ ಹುಬ್ಬಳ್ಳಿಗೆ ಹೊರಡುತ್ತಾಳೆ. ಮಗು ಮೂರು ದಿನ ನನ್ನ ಹತ್ತಿರ. ನಾನು ಎರಡು ದಿನ ರಜೆ ಹಾಕಿದ್ದೇನೆ. ಮುಂದಿನ ತಿಂಗಳ ಕುಟುಂಬ ಪ್ರವಾಸಕ್ಕೆ ಎಷ್ಟು ಜನ ಎಂದು ಹೆಸರು ಬರೆಸಬೇಕಂತೆ. ಬೀಗತಿ ತಮ್ಮ ಹೆಸರು ಬರೆಸಿದ್ದಾರೆ, ನನ್ನನ್ನು ಕೇಳದೆ ನನ್ನದನ್ನೂ ಬರೆಸಿದ್ದಾರೆ. ಬಸ್ಸಿನಲ್ಲಿ ಕಿಡಕಿಯ ಸೀಟು ಮಾತ್ರ ತಮಗೇ ಬೇಕೆಂದು ಈಗಲೇ ಹೇಳಿಟ್ಟಿದ್ದಾರೆ.