ಸೋಡಾ ಯಂತ್ರ ಕೊಳ್ಳಲು ಹೋದಾಗ

2025ರ ತಪಸ್ಸು ಕಾಲ. ಮಾರ್ಚ್ ತಿಂಗಳ ಕೊನೆಯ ಭಾನುವಾರ ಎರಡನೆಯ ಬಲಿಪೂಜೆಯನ್ನು ಮುಗಿಸಿ ಹೊರಬಂದಾಗ, ದೇವಾಲಯದ ಎದುರಿಗೆ ಪುಟ್ಟ ಅಂಗಡಿಯಿಟ್ಟುಕೊಂಡಿರುವ ತಾಯಿಯೊಬ್ಬರು ಮಗನೊಡನೆ ನನಗಾಗಿ ಕಾದು ನಿಂತಿದ್ದರು. ಪತಿ ತೀರಿಕೊಂಡು ಆರು ವರ್ಷಗಳಾಗಿವೆ. ಮೇಣದಬತ್ತಿ, ಜಪಸರ, ಬಾಳೆಹಣ್ಣು, ಮಕ್ಕಳ ಪೆಪ್ಪರಮೆಂಟು, ಇವಿಷ್ಟರ ಮೇಲೆ ಆ ಸಂಸಾರ ನಡೆಯುತ್ತದೆ.

"ಸ್ವಾಮಿ, ಇವನು ಹಳೇ ಗೋಲಿ ಸೋಡಾ ಮಿಷನ್ನು ತಗೋಬೇಕು ಅಂತ ಹಟ ಹಿಡಿದಿದ್ದಾನೆ. ಚೀಟಿ ದುಡ್ಡು ಬಂದಿದೆ, ಅದರ ಮೇಲೆ ಕಣ್ಣಿಟ್ಟಿದ್ದಾನೆ. ತಾವು ಒಂದು ಸಲ ಬಂದು ನೋಡಿ ಹೇಳಿಬಿಡಿ" ಎಂದರು.

ಮಗನಿಗೆ ಹತ್ತೊಂಬತ್ತು ವರ್ಷ. ಆತ ಆಗಲೇ ಎಲ್ಲವನ್ನೂ ವಿಚಾರಿಸಿಯಾಗಿತ್ತು. ನಮ್ಮ ಗೋಲಿ ಸೋಡಾ ಅಮೆರಿಕ, ಬ್ರಿಟನ್, ಯೂರೋಪು ಹಾಗೂ ಕೊಲ್ಲಿ ದೇಶಗಳಿಗೆ ಹೋಗುತ್ತಿದೆಯೆಂದು ಕೇಂದ್ರ ವಾಣಿಜ್ಯ ಸಚಿವಾಲಯ ಅದೇ ತಿಂಗಳು ಹೊರಡಿಸಿದ್ದ ಪ್ರಕಟಣೆಯನ್ನು ಮೊಬೈಲಿನಲ್ಲಿ ತೋರಿಸಿದ. ಹತ್ತು ಬಗೆಯ ಬಣ್ಣದ ಪಾನೀಯಗಳನ್ನು ನಲ್ಲಿಯಿಂದ ಸುರಿಸುವ ಹೊಸ ಸೋಡಾ ಯಂತ್ರಗಳು ಬಸ್ ನಿಲ್ದಾಣದ ತುಂಬ ಇವೆಯಲ್ಲ, ಅಂಥದ್ದೊಂದನ್ನೇ ಏಕೆ ಕೊಳ್ಳಬಾರದು ಎಂದು ಕೇಳಿದೆ. "ಅದು ಎಲ್ಲರ ಹತ್ರಾನೂ ಇದೆ ಫಾದರ್. ಗೋಲಿ ಸೋಡಾ ಆದರೆ ಜನ ಹುಡುಕಿಕೊಂಡು ಬರ್ತಾರೆ" ಎಂದ. ಉತ್ತರದಲ್ಲಿ ಹುರುಳಿತ್ತು.

ನನ್ನನ್ನೇ ಕರೆಯಲು ಕಾರಣವಿದೆ. ನನ್ನ ಚಿಕ್ಕಪ್ಪನವರು ಸೋಡಾ ಫ್ಯಾಕ್ಟರಿ ನಡೆಸುತ್ತಿದ್ದರು. ಫ್ಯಾಕ್ಟರಿ ಎಂದರೆ ಹೆದರಬೇಕಾಗಿಲ್ಲ; ಒಂದು ಹೆಂಚಿನ ಕೋಣೆ, ಒಂದು ಯಂತ್ರ, ಒಂದು ಸೈಕಲ್ಲು. ಬೇಸಿಗೆ ರಜೆಯಲ್ಲಿ ನಾನಲ್ಲಿ ಹಿಡಿ ತಿರುಗಿಸುತ್ತಿದ್ದೆ. ಗೋಲಿಗಾಗಿ ಸೀಸೆ ಒಡೆದು ಚಿಕ್ಕಪ್ಪನವರಿಂದ ಏಟು ತಿಂದ ಪ್ರಸಂಗವನ್ನು ಒಮ್ಮೆ ಪ್ರಬೋಧನೆಯಲ್ಲಿ ಹೇಳಿ ಜನರನ್ನು ನಗಿಸಿದ್ದೆ. ಆ ತಾಯಿ ಅದನ್ನು ನೆನಪಿಟ್ಟುಕೊಂಡಿದ್ದರು. ನಗುವ ಭಾಗವನ್ನು ಮಾತ್ರ ನಾನು ಹೇಳಿದ್ದೆನೆಂಬುದು ಅವರಿಗೆ ತಿಳಿದಿರಲಿಲ್ಲ.

ಮರುದಿನ ಮಧ್ಯಾಹ್ನ ಮೂವರೂ ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಹೊರಟೆವು. ಪಕ್ಕದಲ್ಲಿ ಕುಳಿತವರಿಗೆ ಪಾಠ ಹೇಳುವುದು ಗುರುಗಳ ಹಳೆಯ ಚಟ. ಸೋಡಾ ನೀರನ್ನು ಮೊದಲು ಮಾಡಿದವರಲ್ಲಿ ಪ್ರಮುಖನೂ ಒಬ್ಬ ಧರ್ಮಬೋಧಕನೇ ಎಂದು ಆರಂಭಿಸಿದೆ. 1767ರಲ್ಲಿ ಇಂಗ್ಲೆಂಡಿನ ಲೀಡ್ಸ್ ನಗರಕ್ಕೆ ಬಂದ ಜೋಸೆಫ್ ಪ್ರೀಸ್ಟ್ಲಿಯ ಮನೆಯ ಪಕ್ಕದಲ್ಲೇ ಬಿಯರ್ ತಯಾರಿಸುವ ಭಟ್ಟಿಯಿತ್ತು. ಹುದುಗುವ ತೊಟ್ಟಿಗಳ ಮೇಲೆ ತೇಲುತ್ತಿದ್ದ ಅನಿಲವನ್ನು ಗಮನಿಸಿ, ಅದನ್ನು ನೀರಿಗೆ ಬೆರೆಸುವ ಬಗೆಯನ್ನು ಕಂಡುಕೊಂಡು, 1772ರಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದ. ಅದರಿಂದ ಹಣ ಮಾಡಿಕೊಳ್ಳಲಿಲ್ಲ. ಆತ ನಮ್ಮ ಧರ್ಮಸಭೆಯವನಲ್ಲ, ತ್ರಿತ್ವವನ್ನೂ ಒಪ್ಪದವನು. ಆದರೂ ಸೋಡಾ ಕುಡಿಯುವಾಗಲಾದರೂ ಅವನನ್ನು ನೆನೆಯಬಹುದೆಂದು ನನ್ನ ಅಭಿಪ್ರಾಯ. ಗೋಲಿಯ ಸೀಸೆ ಬಂದದ್ದು ಅದಕ್ಕೂ ನೂರು ವರ್ಷಗಳ ಅನಂತರ. ಲಂಡನ್ನಿನ ಹೈರಮ್ ಕಾಡ್ ಎಂಬಾತ 1870ರ ದಶಕದ ಆರಂಭದಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಅವನ ನಾಡಿನಲ್ಲಿ ಅದು ಎಂದೋ ಮರೆಯಾಯಿತು. ನಮ್ಮಲ್ಲೂ ಜಪಾನಿನಲ್ಲೂ ಉಳಿದುಕೊಂಡಿತು.

ಮಾತು ಅಲ್ಲಿಗೆ ನಿಲ್ಲಲಿಲ್ಲ. ನಾಣ್ಯ ಹಾಕಿದರೆ ನೀರು ಕೊಡುವ ಯಂತ್ರವನ್ನು ಕ್ರಿಸ್ತಶಕ ಒಂದನೆಯ ಶತಮಾನದಲ್ಲೇ ಅಲೆಕ್ಸಾಂಡ್ರಿಯದ ಹೀರೋ ಎಂಬ ವಿದ್ವಾಂಸ ವರ್ಣಿಸಿದ್ದಾನೆ. ಅದು ಇದ್ದದ್ದು ಅಂಗಡಿಗಾಗಿ ಅಲ್ಲ, ದೇಗುಲದ ಬಾಗಿಲಿಗಾಗಿ. ಐದು ದ್ರಾಕ್ಮಾ ನಾಣ್ಯವನ್ನು ಹಾಕಿದರೆ ಅದರ ಭಾರಕ್ಕೆ ಒಳಗಿನ ಸನ್ನೆ ಬಾಗಿ, ಶುದ್ಧೀಕರಣಕ್ಕೆ ಬೇಕಾದಷ್ಟು ನೀರು ಸುರಿದು, ನಾಣ್ಯ ಜಾರಿ ಬಿದ್ದೊಡನೆ ನಿಲ್ಲುತ್ತಿತ್ತು. ತಾಯಿ ಇಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದವರು, "ಆ ಮಿಷನ್ನು ಸಾಲ ಕೊಡುತ್ತಿತ್ತಾ ಸ್ವಾಮಿ?" ಎಂದರು. ಅವರ ಅಂಗಡಿಯ ಗೋಡೆಗೆ ತೂಗುಹಾಕಿದ ಸಾಲದ ಪುಸ್ತಕ ನೆನಪಾಗಿ ನಾನು ಪಾಠ ನಿಲ್ಲಿಸಿದೆ.

ಮಾರುವವರು ಎಂಬತ್ತು ಸಮೀಪಿಸಿದ ಸಾಹೇಬರು. 1977ರಲ್ಲಿ ದೇಶ ಬಿಟ್ಟು ಹೋಗಿದ್ದ ಕೋಕಾ ಕೋಲಾ 1993ರಲ್ಲಿ ಮರಳಿ ಬಂದ ಮೇಲೆ ಅನೇಕ ಸೋಡಾ ಫ್ಯಾಕ್ಟರಿಗಳು ಬಾಗಿಲು ಹಾಕಿದವು, ಚಿಕ್ಕಪ್ಪನವರದೂ ಹಾಕಿತು. ಸಾಹೇಬರು ಮಾತ್ರ ಹೇಗೋ ಎಳೆದುಕೊಂಡು ಬಂದಿದ್ದರು. ಈಗ ತೋಳಿನಲ್ಲಿ ಶಕ್ತಿಯಿಲ್ಲ. ಗಂಡುಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ಕೋಣೆಯ ಮೂಲೆಯಲ್ಲಿ ಗೋಣಿ ಹೊದಿಸಿದ್ದ ಯಂತ್ರವನ್ನು ತೆರೆದು ತೋರಿಸಿದರು. ನಾಲ್ಕು ಸೀಸೆಗಳನ್ನು ಹಿಡಿಸುವ ಎರಕದ ಕಬ್ಬಿಣದ ಯಂತ್ರ. ಹಸಿರು ಬಣ್ಣ ಮುಕ್ಕಾಲು ಹೋಗಿತ್ತು, ಹಿಡಿಯ ಮರ ಮಾತ್ರ ಅಂಗೈ ತಾಕಿ ತಾಕಿ ಹೊಳೆಯುತ್ತಿತ್ತು.

ಅದರ ಕೆಲಸ ಸರಳವಾದುದು. ಕತ್ತಿನವರೆಗೆ ನೀರು ತುಂಬಿದ ಸೀಸೆಗಳನ್ನು ತೊಟ್ಟಿಲಿನಂಥ ಚೌಕಟ್ಟಿನಲ್ಲಿ ಸಿಕ್ಕಿಸಿ, ಅನಿಲದ ಕೊಳವೆಯನ್ನು ತೆರೆದು, ಹಿಡಿ ತಿರುಗಿಸಬೇಕು. ತೊಟ್ಟಿಲು ಉರುಳಿದಂತೆ ಅನಿಲ ನೀರಿನಲ್ಲಿ ಕರಗುತ್ತದೆ. ನೀರು ತಣ್ಣಗಿದ್ದಷ್ಟೂ ಹೆಚ್ಚು ಕರಗುವುದರಿಂದ ಚಿಕ್ಕಪ್ಪನವರು ಬೆಳಗಿನ ಜಾವವೇ ಕೆಲಸಕ್ಕಿಳಿಯುತ್ತಿದ್ದರು. ಸೀಸೆ ತಲೆಕೆಳಗಾದಾಗ ಗೋಲಿ ಬಾಯಿಯ ಬಳಿ ಇರುವ ರಬ್ಬರ್ ಉಂಗುರದ ಮೇಲೆ ಬಂದು ಕೂರುತ್ತದೆ. ಒಳಗಿನ ಒತ್ತಡವೇ ಅದನ್ನು ಅಲ್ಲಿ ಅದುಮಿ ಹಿಡಿಯುತ್ತದೆ. ಬೇರೆ ಬಿರಡೆ ಬೇಕಿಲ್ಲ. ಆದರೆ ಸಿಲಿಂಡರಿನೊಳಗೆ ಅನಿಲ ಹೊರಗಿನ ಗಾಳಿಯ 60 ಪಟ್ಟಿಗೂ ಮಿಕ್ಕ ಒತ್ತಡದಲ್ಲಿರುತ್ತದೆ. ಅದರಲ್ಲಿ ಒಂದು ಸಣ್ಣ ಪಾಲನ್ನಷ್ಟೇ ಗಾಜು ತಡೆದುಕೊಳ್ಳಬಲ್ಲದು. ಎಡೆಯಲ್ಲಿರುವ ಕವಾಟವೂ ಒತ್ತಡದ ಮಾಪಕವೂ ಕೆಟ್ಟರೆ ಯಂತ್ರ ಬಾಂಬಿಗೆ ಸಮಾನ. ಅದಕ್ಕೇ ಸುತ್ತಲೂ ಕಬ್ಬಿಣದ ಜಾಲರಿ ಇರಬೇಕು.

ಹದಿನಾರು ಸಾವಿರ ಹೇಳಿದ್ದರು. ನಾಲ್ಕು ಸಾವಿರವನ್ನಾದರೂ ಇಳಿಸಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಕೊಂಕು ಹುಡುಕುವ ಕೆಲಸವನ್ನು ಸಾಹೇಬರು ನನಗೆ ಬಿಡಲಿಲ್ಲ. "ಈ ಕಡೆ ಜಾಲರಿ ತುಕ್ಕು ಹಿಡಿದಿದೆ ಸ್ವಾಮಿ, ನಂಬಬೇಡಿ. ಬೆಸುಗೆ ಹಾಕಿಸಿ ಹೊಸದು ಕೂರಿಸಿದ ಮೇಲೇನೇ ಇವನು ಹಿಡಿ ಮುಟ್ಟಬೇಕು. ಗ್ಯಾಸ್ ಪೈಪು ಹಳೇದು, ಬಿಸಾಕಿ. ಎರಡೂವರೆ ಸಾವಿರ ಬಿಟ್ಟುಕೊಡ್ತೀನಿ" ಎಂದು ತಾವೇ ಹೇಳಿದರು. ತಿನ್ನುವ ಕುಡಿಯುವ ಪದಾರ್ಥಗಳಿಗೆ ಬಳಸುವ ಅನಿಲವನ್ನೇ ತರಬೇಕು, ಆಹಾರ ಸುರಕ್ಷತೆಯ ನೋಂದಣಿ ಮಾಡಿಸದೆ ಒಂದು ಸೀಸೆಯನ್ನೂ ಮಾರಬಾರದು ಎಂದು ಹುಡುಗನಿಗೆ ಎರಡೆರಡು ಸಲ ಹೇಳಿದರು. ಚೌಕಾಶಿಗೆ ಸಿದ್ಧವಾಗಿ ಬಂದಿದ್ದ ನನ್ನ ನಾಲಗೆ ಒಣಗಿತು.

ಅನಂತರ ಸೀಸೆಗಳನ್ನು ತಂದರು. ಅರವತ್ತು ಇದ್ದವು. ಹಸಿರು ಛಾಯೆಯ ದಪ್ಪ ಗಾಜು, ಕತ್ತಿನಲ್ಲಿ ಗೋಲಿಯನ್ನು ತಡೆಯುವ ಎರಡು ತಗ್ಗುಗಳು. ಹುಡುಗನ ಕಣ್ಣು ಅರಳಿತು. ಅವನಿಗೆ ಯಂತ್ರಕ್ಕಿಂತ ಇವುಗಳ ಮೇಲೆಯೇ ಆಸೆ. ಸಾಹೇಬರು ಕಿಟಕಿಯ ಬಳಿ ಮೋಡದ ಮಣೆಯ ಮೇಲೆ ಕುಳಿತು, ಒಂದೊಂದನ್ನೇ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ, ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗಿಟ್ಟು ಕೇಳಿದರು. ಹನ್ನೊಂದನ್ನು ಬೇರೆ ಸಾಲಿನಲ್ಲಿಟ್ಟರು.

"ಇವು ಚೆನ್ನಾಗೇ ಇವೆಯಲ್ಲ ತಾತ. ಬರೀ ಗೀಟು" ಎಂದ ಹುಡುಗ.

"ಗೀಟಲ್ಲ ಮಗಾ, ಒಡಕು. ಇವನ್ನು ಕೊಡಲ್ಲ."

"ಅಲಂಕಾರಕ್ಕೆ ಇಟ್ಕೋತೀನಿ."

"ಇವತ್ತು ಅಲಂಕಾರಕ್ಕೆ ಇಡ್ತೀಯ. ಹಬ್ಬದ ದಿನ ಬಾಟ್ಲಿ ಸಾಲದೆ ಬಂದರೆ ಕೈ ಅದರ ಕಡೇನೇ ಹೋಗುತ್ತೆ."

ಅವರು ಹುಡುಗನಿಗೆ ಹೇಳಿದರು. ನಾನು ಎದ್ದು ಅಂಗಳಕ್ಕೆ ಹೋಗಿ ನಿಂತೆ.

1981ರ ಬೇಸಿಗೆ. ನನಗೆ ಹನ್ನೆರಡು ವರ್ಷ. ಊರ ದೇವಾಲಯದ ಹಬ್ಬದ ಮುನ್ನಾದಿನ, ತೇರಿನ ಬೀದಿಯ ಅಂಗಡಿಗಳಿಂದ ಬೇಡಿಕೆ ಮೇಲೆ ಬೇಡಿಕೆ. ಸೀಸೆಗಳನ್ನು ಬೆಳಕಿಗೆ ಹಿಡಿದು ನೋಡಿ ಕೊಡುವುದು ನನ್ನ ಕೆಲಸ. ಒಂದರ ಪಕ್ಕೆಯಲ್ಲಿ ಕೂದಲೆಳೆಯಂಥ ಬಿರುಕು ಕಂಡಿತು. ಕಂಡಿತು ಎಂದೇ ಬರೆಯುತ್ತಿದ್ದೇನೆ. ಒಂದು ಪೆಟ್ಟಿಗೆ ತುಂಬಲು ಒಂದೇ ಸೀಸೆ ಕಡಮೆಯಿತ್ತು, ಅದನ್ನೇ ಕೊಟ್ಟುಬಿಟ್ಟೆ. ಅದು ಯಂತ್ರದಲ್ಲಿ ಒಡೆಯಲಿಲ್ಲ. ಸೈಕಲ್ಲಿನಲ್ಲಿ ಸೋಡಾ ಹಾಕಿಬರುತ್ತಿದ್ದ ಅಣ್ಣ ಅದನ್ನೆತ್ತಿ ಪೆಟ್ಟಿಗೆಗಿಡುವಾಗ ಅವನ ಬಲಗೈಯಲ್ಲಿ ಸಿಡಿಯಿತು. ಅಂಗೈಯ ನರ ಕತ್ತರಿಸಿ ಎರಡು ಬೆರಳುಗಳು ಮತ್ತೆಂದೂ ಮಡಚಲಿಲ್ಲ. ಚಿಕ್ಕಪ್ಪನವರು, "ನೋಡಿ ಕೊಟ್ಟೆಯೇನೋ?" ಎಂದು ಕೇಳಿದಾಗ, "ನೋಡಿದೆ, ಏನೂ ಇರಲಿಲ್ಲ" ಎಂದೆ. ಅವರು ನಂಬಿದರು. ಆಸ್ಪತ್ರೆಯ ಖರ್ಚನ್ನೂ ಜನರ ಮಾತನ್ನೂ ತಾವೇ ಹೊತ್ತರು. ಸೈಕಲ್ಲಿನ ಬ್ರೇಕು ಹಿಡಿಯಲಾಗದೆ ಅಣ್ಣ ಆ ಕೆಲಸ ಬಿಟ್ಟು ಕಡಮೆ ಸಂಬಳಕ್ಕೆ ರಾತ್ರಿ ಕಾವಲಿಗೆ ಸೇರಿದ.

ಮುಂದಿನ ಶನಿವಾರ ಪಾಪನಿವೇದನೆಯಲ್ಲಿ, ಒಂದು ಸುಳ್ಳು ಹೇಳಿದೆ ಎಂದಷ್ಟೇ ಹೇಳಿದೆ. ಯಾವ ಸುಳ್ಳು ಎಂದು ಗುರುಗಳು ಕೇಳಲಿಲ್ಲ. ಸೆಮಿನರಿಗೆ ಸೇರಿದ ಮೇಲೆ ಎಲ್ಲವನ್ನೂ ಬಿಚ್ಚಿ ನಿವೇದಿಸಿದೆ. ಕ್ಷಮೆ ದೊರೆಯಿತು. ಸಾಧ್ಯವಾದರೆ ಅವನಿಗೂ ಹೇಳು ಎಂಬ ಸಲಹೆಯೂ ದೊರೆಯಿತು. ಕ್ಷಮೆಯು ಪಾಪವನ್ನು ನೀಗಿಸುತ್ತದೆ, ನೊಂದವನಿಗೆ ಆದ ನಷ್ಟವನ್ನು ತುಂಬುವ ಹೊಣೆ ಮಾತ್ರ ಉಳಿಯುತ್ತದೆ ಎಂಬುದನ್ನು ಪರೀಕ್ಷೆಯಲ್ಲಿ ಬರೆದು ಒಳ್ಳೆಯ ಅಂಕಗಳನ್ನೂ ಪಡೆದೆ. ಜಕ್ಕಾಯನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾದುದನ್ನು ಕುರಿತು ಎಷ್ಟು ಸಲ ಪ್ರಬೋಧನೆ ಮಾಡಿದ್ದೇನೋ ಲೆಕ್ಕವಿಲ್ಲ. 1997ರಲ್ಲಿ ನನಗೆ ಗುರುದೀಕ್ಷೆಯಾಗಿ ಊರಿನಲ್ಲಿ ಪ್ರಥಮ ಬಲಿಪೂಜೆ ಅರ್ಪಿಸಿದಾಗ, ನೂತನ ಗುರುವಿನ ಕೈಗಳನ್ನು ಮುತ್ತಿಡುವ ಸಾಲಿನಲ್ಲಿ ಅಣ್ಣನೂ ಬಂದ. ಅಭಿಷಿಕ್ತವಾದ ನನ್ನ ಅಂಗೈಗಳನ್ನು ಎರಡೂ ಕೈಗಳಿಂದ ಹಿಡಿದು ಹಣೆಗೊತ್ತಿಕೊಂಡ. ಆ ಎರಡು ಬೆರಳುಗಳು ನೆಟ್ಟಗೆ ನಿಂತಿದ್ದವು. ಹಿಂದೆ ಇನ್ನೂ ನೂರಾರು ಜನರಿದ್ದರು. ಇದು ಹೇಳುವ ಸಮಯವಲ್ಲ ಎಂದುಕೊಂಡೆ. ಆ ಬಳಿಕವೂ ಊರಿಗೆ ಹೋದಾಗಲೆಲ್ಲ ಹಾಗೆಯೇ ಅಂದುಕೊಂಡೆ. 2009ರಲ್ಲಿ ಆತ ತೀರಿಕೊಂಡ. ಅಂತ್ಯಕ್ರಿಯೆಯ ಪೂಜೆಯನ್ನು ನಾನೇ ಅರ್ಪಿಸಿದೆ.

ಒಳಗೆ ಗಾಜು ಒಡೆಯುವ ಸದ್ದು ಕೇಳಿ ಮರಳಿ ಹೋದೆ. ಹನ್ನೊಂದನ್ನೂ ಗೋಣಿಚೀಲದಲ್ಲಿ ಹಾಕಿ ಸಾಹೇಬರು ಸುತ್ತಿಗೆಯಿಂದ ತಟ್ಟುತ್ತಿದ್ದರು. ಮುಗಿದ ಮೇಲೆ ಚೂರುಗಳ ನಡುವಿನಿಂದ ಗೋಲಿಗಳನ್ನು ಎಚ್ಚರದಿಂದ ಆಯ್ದು, ಒರೆಸಿ, ಹುಡುಗನ ಕೈಗಿಟ್ಟರು. ಹದಿಮೂರೂವರೆ ಸಾವಿರವನ್ನು ತಾಯಿ ಎರಡು ಸಲ ಎಣಿಸಿ ಕೊಟ್ಟರು. ನಾನು ಚೌಕಾಶಿ ಮಾಡಲಿಲ್ಲ.

ಹಿಂದಿರುಗುವ ಬಸ್ಸಿನಲ್ಲಿ ತಾಯಿ ಕಿಟಕಿಗೊರಗಿ ನಿದ್ರಿಸಿದರು. ಹುಡುಗನಿಗೆ ಎಲ್ಲವನ್ನೂ ಹೇಳಿದೆ. ನನ್ನ ಬಾಯಿಂದ ಪಾಪನಿವೇದನೆಯ ಹೊರಗೆ ಅದು ಹೊರಬಿದ್ದದ್ದು ಅದೇ ಮೊದಲು. ಬೋಧಿಸುವ ಧ್ವನಿ ಬರದಂತೆ ನೋಡಿಕೊಂಡೆನಾದರೂ ಅಲ್ಲಲ್ಲಿ ಬಂದಿರಬೇಕು. ಅವನು ಬಹಳ ಹೊತ್ತು ಅಂಗೈಯಲ್ಲಿ ಗೋಲಿಗಳನ್ನು ಉರುಳಿಸುತ್ತ ಕುಳಿತಿದ್ದು, "ಅವರಿಗೆ ಮಕ್ಕಳಿದ್ದಾರಾ ಫಾದರ್?" ಎಂದು ಕೇಳಿದ.

ಒಬ್ಬ ಮಗಳಿದ್ದಾಳೆ. ಅದೇ ಊರಿನಲ್ಲಿ ಹೊಲಿಗೆ ಕೆಲಸ ಮಾಡುತ್ತಾಳೆ. ನನ್ನನ್ನು ಕಂಡರೆ ಗೌರವದಿಂದ ಎದ್ದು ನಿಲ್ಲುತ್ತಾಳೆ. ಹೌದು, ಇದ್ದಾಳೆ ಎಂದೆ. ಅವನು ಮುಂದೆ ಏನನ್ನೂ ಕೇಳಲಿಲ್ಲ.

ಪುನರುತ್ಥಾನದ ಹಬ್ಬ ಕಳೆದ ವಾರ ಊರಿಗೆ ಹೋಗಿ ಅವಳ ಮನೆಯ ಜಗಲಿಯಲ್ಲಿ ಕುಳಿತು ಹೇಳಿದೆ. ಹೊಲಿಗೆಯ ಯಂತ್ರವನ್ನು ನಿಲ್ಲಿಸಿ ಕೇಳಿದಳು. "ಅಪ್ಪನಿಗೆ ಗೊತ್ತಿತ್ತು ಸ್ವಾಮಿ" ಎಂದಳು. ಸೀಸೆಯನ್ನು ಕೈಗೆತ್ತಿಕೊಂಡಾಗ ಆತನೂ ಆ ಗೀಟನ್ನು ಕಂಡಿದ್ದನಂತೆ. ಹುಡುಗ ಏಟು ತಿನ್ನುತ್ತಾನೆಂದು ಬಾಯಿ ಬಿಟ್ಟಿರಲಿಲ್ಲವಂತೆ. ಅವಳು ಕಾಫಿ ತರಲು ಒಳಗೆ ಹೋದಳು. ಅವಳು ಬರುವವರೆಗೆ ನಾನು ಅಲ್ಲಿ ಹೇಗೆ ಕುಳಿತಿದ್ದೆನೋ ತಿಳಿಯದು.

ಜಾಲರಿ, ಕೊಳವೆ, ನೋಂದಣಿ ಎಲ್ಲ ಮುಗಿದು ಮೇ ತಿಂಗಳಲ್ಲಿ ಅಂಗಡಿಯ ಮುಂದೆ ಯಂತ್ರ ತಿರುಗಿತು. ಮೊದಲ ದಿನ ನಲವತ್ತೊಂಬತ್ತು ಸೀಸೆಗಳನ್ನೂ ಹುಡುಗ ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿ ಎರಡನ್ನು ಬದಿಗಿಟ್ಟ. "ಅವಕ್ಕೇನಾಗಿದೆಯೋ?" ಎಂದು ತಾಯಿ ಗದರಿದರು. ಅವನು ನನ್ನ ಕಡೆ ನೋಡಲಿಲ್ಲ; ಗೋಣಿಚೀಲ ಎಲ್ಲಿದೆ ಎಂದು ಕೇಳಿದ.